ಕಾಶಪ್ಪನ ಸಣ್ಣ ಪಾಸ್

ಬನಹಟ್ಟಿಯ ಕಾಶಪ್ಪ ತನ್ನ ಜೀವಮಾನದಲ್ಲಿ ಫುಟ್‌ಬಾಲನ್ನು ಒದ್ದದ್ದು ಒಂದೇ ಸಲ. ಅದೂ ಓಣಿಯ ಹುಡುಗರ ಚೆಂಡು ಹಾರಿ ಬಂದು ಕಟ್ಟೆಯ ಮೇಲಿದ್ದ ಅವನ ಚಹಾ ಚೆಲ್ಲಿದ ಸಿಟ್ಟಿಗೆ. ಚೆಂಡು ಇದ್ದಲ್ಲೇ ಇತ್ತು. ಚಪ್ಪಲಿ ಮಾತ್ರ ಎದುರು ಮನೆಯ ಯಲ್ಲವ್ವನ ಮಾಳಿಗೆ ಏರಿತು. ಇಂಥ ಕಾಶಪ್ಪ ಊರಿನ ಫುಟ್‌ಬಾಲ್ ತಂಡದ ಕೋಚ್ ಆದದ್ದು ಹೇಗೆಂದು ಕೇಳಿದರೆ, ತಪ್ಪೆಲ್ಲ ಮೊಬೈಲಿನದು ಎಂದು ಅವನ ಹೆಂಡತಿ ಶೇವಂತಿ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಕಾಶಪ್ಪನ ಮನೆಯ ಹಿಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಅವು ನಡೆಯುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸುವುದಿಲ್ಲ. ಹೀಗಾಗಿ ಅವನು ಮೊಬೈಲಿನಲ್ಲಿ ಪರದೇಶದ ಫುಟ್‌ಬಾಲ್ ನೋಡಿದ್ದೆಲ್ಲ ಸದ್ದಿಲ್ಲದೆ. ತಿಳಿದವರು ವಿವರಿಸಿ ಹೇಳುವ ಒಂದು ಮಾತೂ ಕಿವಿಗೆ ಬೀಳದ ಕಾರಣ ಆಟವನ್ನು ತನಗೆ ತೋಚಿದ ಹಾಗೆ ಅರ್ಥ ಮಾಡಿಕೊಂಡ. ಆ ದೊಡ್ಡ ತಂಡಗಳಲ್ಲಿ ಗೋಲ್‌ಕೀಪರ್ ಚೆಂಡನ್ನು ಜೋರಾಗಿ ಒದೆಯುವುದಿಲ್ಲ. ಪಕ್ಕದವನಿಗೆ ಮೆಲ್ಲಗೆ ತಳ್ಳುತ್ತಾನೆ. ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬ ತಿರುಗಿ ಗೋಲ್‌ಕೀಪರಿಗೆ. ಹೀಗೆ ಆಚೆ ಈಚೆ ಆಡುತ್ತಲೇ ಮೆಲ್ಲಗೆ ಮುಂದೆ ಬಂದು ಗೋಲು ಹೊಡೆದುಬಿಡುತ್ತಾರೆ. ಇದನ್ನು ಕಂಡ ದಿನ ಕಾಶಪ್ಪನ ಮೈ ಜುಮ್ಮೆಂದಿತು. ಮಗ್ಗದ ಲಾಳಿಯೂ ಹೀಗೇ ಅಲ್ಲವೆ ಓಡುವುದು?

ಅದೇ ವಾರ ಬನಹಟ್ಟಿ ತಂಡ ಲೋಕಾಪುರದವರ ಕೈಲಿ ಹೀನಾಯವಾಗಿ ಸೋತು ಬಂದಿತ್ತು. ಚಹಾದಂಗಡಿಯಲ್ಲಿ ಎಲ್ಲರೂ ಮುಖ ಇಳಿಬಿಟ್ಟು ಕೂತಿದ್ದಾಗ ಕಾಶಪ್ಪ ಬಾಯಿ ಬಿಟ್ಟ.

"ಲಾಳಿ ಯಾರರೆ ಮುಂದಕ್ಕ ಒಗೀತಾರೇನ್ರೆಲೇ? ಆ ಕಡೆ ಈ ಕಡೆ ಓಡಸ್ತಾರ. ಲಾಳಿ ಅಡ್ಡ ಓಡತೈತಿ, ಸೀರಿ ಮುಂದ ಬರತೈತಿ. ಫುಟ್‌ಬಾಲೂ ಅಷ್ಟ. ಹಿಂದಿನಿಂದ ಕಟಗೊಂತ ಬರಬೇಕು. ನಿಮಗ ಕಲಿಸೋ ಮಂದಿ ಇಲ್ಲ, ಅದ ಗೋಳು."

ಗೋಳು ಖರೆಯೇ ಆಗಿತ್ತು. ತಂಡಕ್ಕೆ ಕಲಿಸುತ್ತಿದ್ದ ಡ್ರಿಲ್ ಮಾಸ್ತರರಿಗೆ ಬೀಳಗಿಗೆ ವರ್ಗವಾಗಿತ್ತು. ಕ್ಯಾಪ್ಟನ್ ಅರುಣ ತಲೆ ಎತ್ತಿ, "ಹಂಗಾರ ನೀವ ಕಲಸ್ರೆಲಾ ಕಾಕಾ" ಅಂದ. ಕಾಶಪ್ಪ ಅತ್ತಿತ್ತ ನೋಡಿದ. ಅಂಗಡಿಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ತನಗೆ ಬರುವುದಿಲ್ಲ ಎಂದು ಹೇಳುವ ಅಭ್ಯಾಸ ಆ ಮನೆತನದಲ್ಲೇ ಇರಲಿಲ್ಲ.

ಕೋಚ್ ಆದವನು ಮೊದಲು ಮಾಡಿದ ಕೆಲಸವೆಂದರೆ ಸುಭಾಷನ ಕಾಲು ಕಟ್ಟಿದ್ದು.

ಈ ಸುಭಾಷ ತಂಡದ ಗೋಲ್‌ಕೀಪರ್. ಶೇವಂತಿಯ ಬೆನ್ನಿಗೆ ಬಿದ್ದ ತಮ್ಮ. ಕಾಶಪ್ಪನ ಮಗ್ಗಗಳಲ್ಲೇ ನೇಯುತ್ತಾನೆ. ಆಳು ಎತ್ತರ, ಮಾತು ಇಲ್ಲವೇ ಇಲ್ಲ. ಆದರೆ ತನ್ನ ಗೋಲಿನ ಮುಂದೆ ನಿಂತು ಅವನು ಚೆಂಡು ಒದ್ದನೆಂದರೆ ಅದು ಎಲ್ಲರ ತಲೆಯ ಮೇಲಿಂದ ಹಾರಿ ಎದುರಿನವರ ಗೋಲಿನ ಹತ್ತಿರ ಬೀಳುತ್ತಿತ್ತು. ಒಮ್ಮೆ ಗೋಡೆ ದಾಟಿ ಜಮಖಂಡಿ ಬಸ್ಸಿನ ಟಾಪಿನ ಮೇಲೆ ಕೂತು ಜಮಖಂಡಿಗೇ ಹೋಗಿತ್ತು. ಮರುದಿನ ಕಂಡಕ್ಟರ್ ತಂದುಕೊಟ್ಟ. ಅವನ ಒದೆತ ನೋಡಲೆಂದೇ ರಬಕವಿಯಿಂದ ಮಂದಿ ಬರುತ್ತಿದ್ದರು.

"ಇನ್ನ ಮುಂದ ನೀ ಜೋರ ಒದಿಯಂಗಿಲ್ಲ" ಅಂದ ಕಾಶಪ್ಪ. "ಸಣ್ಣ ಪಾಸು. ಎಡಕ್ಕ ಅಜಯ, ಬಲಕ್ಕ ಅರುಣ. ತಿಳೀತಿಲ್ಲೊ?"

ಸುಭಾಷ ಅಕ್ಕನ ಗಂಡನ ಮುಖ ನೋಡಿದ, ತನ್ನ ಬಲಗಾಲು ನೋಡಿಕೊಂಡ, ತಲೆ ಅಲ್ಲಾಡಿಸಿದ. ಅವನ ಮಟ್ಟಿಗೆ ಅದೇ ಒಂದು ಭಾಷಣ.

ತಾಲೀಮು ಓಣಿಯಲ್ಲೇ ನಡೆಯಿತು. ನೂಲಿನ ಖಾಲಿ ಕೋನುಗಳನ್ನು ಎದುರಾಳಿಗಳೆಂದು ನಿಲ್ಲಿಸಿ ಅವುಗಳ ನಡುವೆ ಚೆಂಡನ್ನು ಆಚೆ ಈಚೆ ತಳ್ಳಿಸಿದ. ಚೆಂಡು ಮುಂದೆ ಹೋಯಿತೆಂದರೆ ಕಾಶಪ್ಪ ಹಣೆ ಬಡಿದುಕೊಂಡು ಹಿಂದಕ್ಕೆ ತರಿಸುತ್ತಿದ್ದ. ಯಲ್ಲವ್ವ ಬಾಗಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತ ಎಲ್ಲವನ್ನೂ ನೋಡಿದಳು.

"ಕಾಶಪ್ಪಾ, ನಿಮ್ಮ ಹುಡುಗರಿಗೆ ಮುಂದ ಹೋಗಾಕ ಅಂಜಿಕಿ ಬರತೈತೇನೊ? ತಾಯಿತ ಕಟ್ಟಸ್ತೀಯೇನು?"

"ಇದು ನಿಮಗ ತಿಳಿಯಂಗಿಲ್ಲ ಯಲ್ಲವ್ವಕ್ಕಾ. ಇದು ಪರದೇಶದ ಆಟ."

"ಹಂಗಾರ ಪರದೇಶಕ್ಕ ಹೋಗಿ ಆಡ್ರೆಪಾ. ನನ್ನ ಬಾಗಲದಾಗ ಚೆಂಡು ಬಂದ್ರ ಹೆಚ್ಚಿ ಪಲ್ಲೆ ಮಾಡ್ತೇನಿ."

ಇಷ್ಟೇ ಆಗಿದ್ದರೆ ಊರಿನ ಚೇಷ್ಟೆಗೆ ಮುಗಿಯುತ್ತಿತ್ತು. ಆದರೆ ನಡುವೆ ಮುಧೋಳದಿಂದ ಸುಭಾಷನಿಗೆ ಒಂದು ಹೆಣ್ಣಿನ ಮಾತು ಬಂತು. ಸುಭಾಷನ ಸಂಬಂಧಗಳು ಈಗಾಗಲೇ ಹಲವಾರು ಮುರಿದಿದ್ದವು, ಎಲ್ಲವೂ ಒಂದೇ ಕಾರಣಕ್ಕೆ. ರಬಕವಿಯವರು ಏನು ಕೆಲಸ ಮಾಡುತ್ತೀ ಎಂದು ಕೇಳಿದಾಗ ಅವನು ಅಕ್ಕನ ಮುಖ ನೋಡಿದ್ದ. ಜಮಖಂಡಿಯವರು ಬರೀ ಹೆಸರು ಕೇಳಿದ್ದರು. ಅದಕ್ಕೂ ಅವನು ಇಷ್ಟು ಹೊತ್ತು ವಿಚಾರ ಮಾಡಿದನೆಂದರೆ ಅವರು ಚಹಾ ಕುಡಿದು ಎದ್ದುಹೋದರು. ಮುಧೋಳದ ಹುಡುಗಿ ಶೀತಲ್. ಆಕೆಯ ಸೋದರತ್ತೆ ನಂದಾ ಫೋನಿನಲ್ಲೇ ಖಡಾಖಡಿ ಹೇಳಿಬಿಟ್ಟಳು: "ಹೊಸ ಅಂಗಿ ತೊಡಿಸಿ ಕುರ್ಚಿ ಮ್ಯಾಲ ಕುಂಡರಿಸಿದ ಹುಡುಗನ್ನ ನಾವು ನೋಡಂಗಿಲ್ರಿ. ಕುರ್ಚಿ ಮ್ಯಾಲ ಎಲ್ಲಾರೂ ಛಲೋನ ಕಾಣ್ತಾರ. ಹುನ್ನೂರವರ ಜೋಡಿ ಮ್ಯಾಚ್ ಐತೆಂತಲ್ಲ, ಅಲ್ಲೇ ಬಂದು ನೋಡ್ತೇವಿ."

ಶೇವಂತಿಗೆ ಖುಷಿಯಿಂದ ಕಣ್ಣು ತುಂಬಿದವು. ತಮ್ಮನ ಬಾಯಿಗೆ ಹೇಳಲಾಗದ್ದನ್ನು ಅವನ ಕಾಲು ಹೇಳುತ್ತದೆ. ಆ ಒದೆತ ಕಂಡ ಮೇಲೆ ಯಾವ ಮುಧೋಳದವರು ಬೇಡ ಅಂದಾರು? ಈ ಸುದ್ದಿ ಹೇಳಲು ಓಡಿ ಬಂದರೆ ಗಂಡ ತಣ್ಣಗೆ ಅಂದ: "ಒದಿಯೋದು ಬಂದ್ ಮಾಡಸೇನಿ."

ಮನೆಯಲ್ಲಿ ನಾಲ್ಕು ಮಗ್ಗಗಳಿದ್ದರೂ ಆ ಹೊತ್ತಿಗೆ ಶೇವಂತಿಯ ದನಿಯೇ ಹೆಚ್ಚು ಕೇಳಿಸಿತು.

"ನನ್ನ ತಮ್ಮ ಬೀಗರ ಮುಂದ ನಗಿಪಾಟಲ ಆಗಲಿ, ಈ ಸಂಬಂಧಾನೂ ಮುರೀಲಿ, ಆಮ್ಯಾಲ ನಿಮ್ಮ ಕಂಡಿಕಿ ನೀವ ಸುತ್ತಗೋರಿ. ನಾ ಕೈ ಹಚ್ಚಂಗಿಲ್ಲ!"

ಇದು ಬರೀ ಮುನಿಸಿನ ಮಾತಲ್ಲ. ಲಾಳಿಯೊಳಗೆ ಕೂಡುವ ನೂಲಿನ ಕಂಡಿಕೆಯನ್ನು ಆ ಮನೆಯಲ್ಲಿ ಸುತ್ತುವವಳು ಶೇವಂತಿ ಒಬ್ಬಳೇ. ಆಕೆ ಕೈ ಎತ್ತಿದರೆ ನಾಲ್ಕೂ ಮಗ್ಗ ನಿಂತಹಾಗೆ. ಕಾಶಪ್ಪ ಒಳಗೊಳಗೇ ಅಂಜಿದ. ಆದರೆ ಅಷ್ಟು ಹೊತ್ತಿಗೆ ಅವನು ಚಹಾದಂಗಡಿಯಲ್ಲಿ ತನ್ನ ಸಣ್ಣ ಪಾಸಿನ ಬಗ್ಗೆ ಮಾಡಿದ್ದ ವ್ಯಾಖ್ಯಾನ ಕೇಳದವರು ಊರಿನಲ್ಲಿ ಉಳಿದಿರಲಿಲ್ಲ. ಹಿಂದೆ ಸರಿಯಲು ದಾರಿಯೇ ಇರಲಿಲ್ಲ.

ಪಂದ್ಯ ನಿಗದಿಯಾದದ್ದು ಕರೆಂಟಿನ ಲೈನ್ ದುರಸ್ತಿಯ ದಿನಕ್ಕೆ. ಬೆಳಿಗ್ಗೆ ಹೋದ ಕರೆಂಟು ಸಂಜೆಗೇ ಬರುವುದೆಂದು ಡಂಗುರ ಸಾರಿದ ಹಾಗೆ ಎಲ್ಲರ ಮೊಬೈಲಿಗೂ ಸುದ್ದಿ ಬಂದಿತ್ತು. ಕರೆಂಟು ಇದ್ದ ದಿನ ಬನಹಟ್ಟಿಯಲ್ಲಿ ಹನ್ನೊಂದು ಜನ ನೇಕಾರರನ್ನು ಒಂದೇ ಕಡೆ ಕೂಡಿಸುವುದು ದೇವರಿಂದಲೂ ಆಗದ ಮಾತು. ನೇಯುತ್ತಿದ್ದಂತೆಯೇ ಕರೆಂಟು ಹೋಯಿತು, ಮಗ್ಗಗಳು ನಿಂತವು, ತಂಡದವರು ಮೈ ಕೊಡವಿಕೊಂಡು ಮೈದಾನಕ್ಕೆ ನಡೆದರು.

ಹುನ್ನೂರಿನವರು ಟ್ರ್ಯಾಕ್ಟರಿನಲ್ಲಿ ಡೊಳ್ಳು ಬಾರಿಸುತ್ತಲೇ ಬಂದರು. ಕುರಿ ಕಾಯುವ, ಒಕ್ಕಲುತನ ಮಾಡುವ, ಬೀರೇಶ್ವರನಿಗೆ ನಡೆದುಕೊಳ್ಳುವ ಮನೆಗಳ ಹುಡುಗರು. ಅವರ ಕ್ಯಾಪ್ಟನ್ ಮಾಳಿಂಗರಾಯ. ಅವರಿಗೆ ಯಾವ ತತ್ವವೂ ಇರಲಿಲ್ಲ. ಚೆಂಡು ಯಾರ ಹತ್ತಿರ ಇದೆಯೋ ಅವನನ್ನು ಎಲ್ಲರೂ ಕೂಡಿ ಸುತ್ತುಗಟ್ಟುವುದು, ಅಷ್ಟೇ. ತಪ್ಪಿಸಿಕೊಂಡ ಟಗರನ್ನು ಹಿಡಿದು ಅಭ್ಯಾಸವಿದ್ದವರಿಗೆ ಅದೇನು ದೊಡ್ಡ ಮಾತು? ರೆಫ್ರಿ ಸಾವಳಗಿಯ ಗಿರಮಲ್ಲಪ್ಪ ಮಾಸ್ತರರು. ನಿವೃತ್ತರಾಗಿ ವರ್ಷಗಳಾದರೂ ಸೀಟಿಯನ್ನು ಕೊರಳಿಂದ ಇಳಿಸದ ಮನುಷ್ಯ.

ನಂದಾ, ಶೀತಲ್ ಮತ್ತು ಹುಡುಗಿಯ ತಂದೆ ಬಂದು ಗೋಲಿನ ಪಕ್ಕದಲ್ಲೇ ಕಂಬಳಿಯ ಮೇಲೆ ಕೂತರು. ಜೊತೆಗೆ ಶೇವಂತಿ, ತುಟಿ ಬಿಗಿಹಿಡಿದು.

ಆಟ ಶುರುವಾಯಿತು. ಸುಭಾಷ ಅಜಯನಿಗೆ ಕೊಟ್ಟ. ಅಜಯ ಅರುಣನಿಗೆ ಕೊಟ್ಟ. ಅರುಣ ಸುಭಾಷನಿಗೆ ಕೊಟ್ಟ. ಸುಭಾಷ ಮತ್ತೆ ಅಜಯನಿಗೆ ಕೊಟ್ಟ. ಮೊದಮೊದಲು ಮಂದಿ ಚಪ್ಪಾಳೆ ಹೊಡೆದರು. ಆಮೇಲೆ ಒಬ್ಬ ಮುದುಕ ಪಕ್ಕದವನನ್ನು ಕೇಳಿದ: "ನಮ್ಮವರು ಹೊಡಿಯೋ ಗೋಲು ಯಾವ ಕಡೆ ಐತೋ?" ರಬಕವಿಯಿಂದ ಒದೆತ ನೋಡಲು ಬಂದವರು ಸೈಕಲ್ ಹತ್ತಿದರು. ಕಾಶಪ್ಪ ಗೆರೆಯ ಪಕ್ಕದಲ್ಲಿ ಚಪ್ಪಲಿ ಬಿಟ್ಟು, ಕೈಯನ್ನು ಲಾಳಿಯ ಹಾಗೆ ಆಚೆ ಈಚೆ ಆಡಿಸುತ್ತ, "ಸಾವಕಾಶ! ಸಾವಕಾಶ!" ಎನ್ನುತ್ತಿದ್ದ.

ಮಾಳಿಂಗರಾಯ ಓಡುತ್ತಲೇ ಕೂಗಿದ: "ಕಾಶಪ್ಪಣ್ಣಾ, ಚೆಂಡು ನಮಗ ಕೊಡೋದಿದ್ರ ಇಷ್ಟ್ಯಾಕ ತ್ರಾಸ ತಗೋಂತೀರಿ? ಸೀದಾ ಕೊಡ್ರೆಲಾ!"

ಹೇಳಿದ ಹಾಗೆಯೇ ಆಯಿತು. ಸುಭಾಷನ ಕಾಲಿಗೆ ಚೆಂಡು ಬರುವಷ್ಟರಲ್ಲಿ ಹುನ್ನೂರಿನವರು ಮೂರು ಕಡೆಯಿಂದ ಮುತ್ತಿದರು. ಆಚೆ ತಳ್ಳಲೋ ಈಚೆ ತಳ್ಳಲೋ ಎಂದು ಅವನು ನೋಡುವಷ್ಟರಲ್ಲಿ ಮಾಳಿಂಗರಾಯ ಚೆಂಡನ್ನು ಅವನ ಕಾಲಡಿಯಿಂದ ಕಿತ್ತು ಗೋಲಿನೊಳಗೆ ಹಾಕಿಬಿಟ್ಟ. ಡೊಳ್ಳು ಮೊಳಗಿತು. ಹುನ್ನೂರಿನವರು ಖುಷಿಗೆ ತೂರಿದ ಭಂಡಾರದ ಅರಿಶಿಣಪುಡಿಯೆಲ್ಲ ಗಾಳಿಗೆ ಬಂದು ಸುಭಾಷನ ಮೋರೆಗೆ, ಎದೆಗೆ ಮೆತ್ತಿಕೊಂಡಿತು.

ನಂದಾ ಶೇವಂತಿಯ ಕಡೆ ತಿರುಗಿ ಅಂದಳು: "ಇನ್ನೂ ಮಾತುಕತಿನ ಆಗಿಲ್ಲ, ನಿಮ್ಮೂರಾಗ ಮೈದಾನದಾಗ ಅರಿಶಿಣ ಹಚ್ಚತಾರೇನ್ರಿ?"

ಶೀತಲ್ ನಗಲಿಲ್ಲ. ಹಳದಿ ಮೋರೆಯ ಗೋಲ್‌ಕೀಪರನ್ನೇ ನೋಡುತ್ತ ಕೇಳಿದಳು: "ಅತ್ತಿ, ಅವರ ಕಾಲು ಅಷ್ಟ ಗಟ್ಟಿ ಅದಾವು. ಯಾಕ ಒದಿಯವಲ್ರು?"

ಉತ್ತರ ಗೊತ್ತಿದ್ದ ಶೇವಂತಿ ಎದ್ದು ನೇರವಾಗಿ ಗಂಡನ ಹತ್ತಿರ ಬಂದಳು.

"ನೀವು ಅವಗ ಒದಿಯಾಕ ಬಿಡ್ತೀರೋ, ನಾ ಇಲ್ಲೇ ನಿಮ್ಮನ್ನ ಒದೀಲೋ?"

"ಸ್ವಲ್ಪ ತಡಿ ಶೇವಂತಿ. ಈಗಷ್ಟ ಮಗ್ಗಕ್ಕ ಹಾಸು ಹೂಡೇವಿ. ಸೀರಿ ಇನ್ನೂ ಬರಬೇಕು."

"ಮನಿಗಿ ಬರ್ರಿ, ಉಡಸ್ತೇನಿ" ಎಂದು ಆಕೆ ತಿರುಗಿ ಹೋದಳು.

ಸತ್ಯವನ್ನು ಸತ್ಯವೆಂದೇ ಹೇಳಬೇಕು. ಎರಡನೆಯ ಅರ್ಧದಲ್ಲಿ ಕಾಶಪ್ಪನ ಸೀರೆ ಬಂದೇಬಿಟ್ಟಿತು. ಸುಭಾಷ ಅಜಯನಿಗೆ ಕೊಟ್ಟ. ಹುನ್ನೂರಿನವರು ಅಜಯನತ್ತ ನುಗ್ಗಿದರು. ಅಜಯ ಅರುಣನಿಗೆ ಕೊಟ್ಟ; ಅವರು ಅತ್ತ ತಿರುಗುವುದು ತಡವಾಯಿತು. ಅರುಣನ ಮುಂದೆ ಯಾರೂ ಇರಲಿಲ್ಲ. ಮೈದಾನದ ನಡುಮಧ್ಯದಲ್ಲಿ ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಬಯಲು. ಚೆಂಡು ಕಾಲಿಂದ ಕಾಲಿಗೆ, ನೆಲ ಬಿಟ್ಟು ಮೇಲೇಳದೆ, ಒಂದೂ ಎಳೆ ಹರಿಯದೆ ಹೋಗಿ ಹುನ್ನೂರಿನ ಗೋಲು ಹೊಕ್ಕಿತು. ಇಂಥದ್ದನ್ನು ಆ ಊರಿನವರು ಯಾರೂ ಎದುರಿಗೆ ಕಂಡಿರಲಿಲ್ಲ. ಗಿರಮಲ್ಲಪ್ಪ ಮಾಸ್ತರರೇ ಸೀಟಿ ಊದುವುದನ್ನು ಮರೆತು "ವ್ಹಾರೆ!" ಅಂದರು. ಕಾಶಪ್ಪ ಅತ್ತುಬಿಟ್ಟ. ಅಳುತ್ತಲೇ ಹೆಂಡತಿಯ ಕಡೆ ನೋಡಿದ. ಆಕೆಯೂ ತುಟಿ ಸ್ವಲ್ಪ ಸಡಿಲಿಸಿದಳು.

ಪಂದ್ಯ ಸಮಸಮ. ಇನ್ನೇನು ಮುಗಿಯಬೇಕು. ಸುಭಾಷನ ಕಾಲಡಿಯಲ್ಲಿ ಚೆಂಡು. ಆಗ ಕರೆಂಟು ಬಂತು.

ಸಂಜೆಗೆ ಬರಬೇಕಾದ ಕರೆಂಟು ಮಧ್ಯಾಹ್ನವೇ ಬಂದುಬಿಟ್ಟಿತ್ತು. ಮೊದಲು ದೂರದ ಒಂದು ಓಣಿಯಲ್ಲಿ ಖಟಪಟ ಎಂದಿತು. ಆಮೇಲೆ ಇನ್ನೊಂದು ಓಣಿ. ನೋಡನೋಡುತ್ತ ಇಡೀ ಊರು ಖಟಾಪಟಾ ಖಟಾಪಟಾ ಎನ್ನತೊಡಗಿತು. ಹೊರಗಿನವರಿಗೆ ಅದು ಬರೀ ಸದ್ದು. ನೇಕಾರನಿಗೆ ಎದೆ ಝಲ್ಲೆನ್ನುವ ಸದ್ದು. ಯಾಕೆಂದರೆ ಕರೆಂಟು ಹೋದಾಗ ಮಗ್ಗ ತಾನಾಗಿಯೇ ನಿಲ್ಲುತ್ತದೆ. ಸ್ವಿಚ್ಚು ಆರಿಸುವುದು ನೆನಪಿರುವುದಿಲ್ಲ. ಆರಿಸದಿದ್ದರೆ ಕರೆಂಟು ಬಂದೊಡನೆ ಮಗ್ಗವೂ ತಾನಾಗಿಯೇ ಓಡುತ್ತದೆ. ಲಾಳಿ ನಡುವೆ ಸಿಕ್ಕಿತೆಂದರೆ ಹಾಸಿನ ಎಳೆಗಳೆಲ್ಲ ಹರಿದು ಜಾಳುಜಾಳು.

ಅಜಯ ಹಣೆ ಮುಟ್ಟಿಕೊಂಡ. "ಯವ್ವಾ! ನಾ ಸ್ವಿಚ್ಚು ಆಫ್ ಮಾಡೇನೋ ಇಲ್ಲೋ?" ಅಂದವನೇ ಓಟ ಕಿತ್ತ. ಅವನ ಹಿಂದೆ ಅರುಣ. ಅರುಣನ ಹಿಂದೆ ಉಳಿದವರು. ಡಿಫೆನ್ಸು ಮೊದಲು ಹೋಯಿತು, ಆಮೇಲೆ ನಡುವಿನವರು, ಕಡೆಗೆ ಮುಂದಿನವರು. ಅಲ್ಲಿಯೂ ಕೋಚ್ ಹೇಳಿಕೊಟ್ಟ ಕ್ರಮವೇ ನಡೆಯಿತು. ನೋಡುತ್ತಿದ್ದ ಮಂದಿಯಲ್ಲಿಯೂ ಅರ್ಧ ಖಾಲಿ.

"ಮಾಸ್ತರ, ಅವರು ಓಡಿ ಹೊಂಟಾರ! ಆಟ ನಿಂದರಸ್ರಿ!" ಎಂದು ಯಾರೋ ಕೂಗಿದರು.

ಗಿರಮಲ್ಲಪ್ಪ ಕೈ ಅಡ್ಡ ಮಾಡಿದರು. "ಚೆಂಡು ಹೊರಗ ಹೋಗೋತನಕ ಆಟ ನಡೀತೈತಿ. ಹೊರಗ ಹೋತಂದ್ರ, ಇಷ್ಟು ಮಂದಿ ಇಲ್ಲಂದಮ್ಯಾಲ, ಬನಹಟ್ಟಿ ಸೋತಂಗ."

ಈ ಮಾತು ಕೇಳಿಸಿಕೊಳ್ಳಲು ಕೋಚ್ ಅಲ್ಲಿರಲಿಲ್ಲ. ಕಾಶಪ್ಪನಿಗೆ ಮುಂಜಾನೆಯಿಂದ ತಲೆಯ ತುಂಬ ಸಣ್ಣ ಪಾಸು ತುಂಬಿತ್ತು. ತನ್ನ ನಾಲ್ಕು ಮಗ್ಗಗಳ ಸ್ವಿಚ್ಚು ಅವನ ಕಣ್ಣ ಮುಂದೆ ಬಂದದ್ದು ಈಗಲೇ. ಚಪ್ಪಲಿಯನ್ನೂ ಬಿಟ್ಟು ಓಡಿದ್ದ. ಗಿರಾಕಿಯೊಬ್ಬರ ಮನೆಯ ಮದುವೆಗೆಂದು ನೇಯುತ್ತಿದ್ದ ಸೀರೆಗಳು, ಹೊಸ ಹಾಸು, ಶೇವಂತಿಯ ಕಂಡಿಕೆ, ಎಲ್ಲವೂ ಹರಿದು ಬೀಳುವುದನ್ನು ಕಾಣುತ್ತ ಓಣಿ ಓಣಿ ದಾಟಿದ. ಅರ್ಧ ದಾರಿಯಲ್ಲಿ ಅವನ ಬೆನ್ನ ಹಿಂದೆ ಧಡ್ ಎಂಬ ಸದ್ದು ಕೇಳಿತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದರ ಹಿಂದೆಯೇ ದೊಡ್ಡ ಗದ್ದಲ. ನಿಲ್ಲಲು ಪುರಸೊತ್ತಿರಲಿಲ್ಲ.

ಮನೆಯ ಬಾಗಿಲು ನೂಕಿ ಒಳಗೆ ನುಗ್ಗಿದರೆ ಒಳಗೆ ಸದ್ದೇ ಇಲ್ಲ. ಇಡೀ ಓಣಿ ಗಡಗಡಿಸುತ್ತಿದ್ದಾಗ ಅವನ ನಾಲ್ಕೂ ಮಗ್ಗಗಳು ತೆಪ್ಪಗೆ ಕೂತಿದ್ದವು. ಒಂದೊಂದರ ಸ್ವಿಚ್ಚನ್ನೂ ಮುಟ್ಟಿ ನೋಡಿದ. ಎಲ್ಲ ಆಫ್. ತಾನು ಮಾಡಿದ ನೆನಪಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕುಕ್ಕರಿಸಿದ.

ಇತ್ತ ಮೈದಾನದಲ್ಲಿ ನಡೆದದ್ದನ್ನು ಅವನು ಮಂದಿಯ ಬಾಯಿಂದಲೇ ಕೇಳಬೇಕಾಯಿತು. ಸುಭಾಷ ಎಡಕ್ಕೆ ನೋಡಿದನಂತೆ, ಅಜಯ ಇಲ್ಲ. ಬಲಕ್ಕೆ ನೋಡಿದನಂತೆ, ಅರುಣ ಇಲ್ಲ. ಗೆರೆಯ ಕಡೆ ನೋಡಿದನಂತೆ. ಅಲ್ಲಿ ಅಕ್ಕನ ಗಂಡನ ಚಪ್ಪಲಿ ಮಾತ್ರ ಇದ್ದವು. ಹುನ್ನೂರಿನವರು ಎಲ್ಲರೂ, ತಮ್ಮ ಗೋಲ್‌ಕೀಪರನ್ನೂ ಕರೆದುಕೊಂಡು, ಅವನ ಸುತ್ತ ಕೋಟೆ ಕಟ್ಟಿದ್ದರು. "ಕೊಡೋ ಸುಭಾಷಾ, ಒಬ್ಬನ ಎಷ್ಟೊತ್ತು ಇಟಗೊಂಡು ನಿಂದರ್ತಿ?" ಅಂದನಂತೆ ಮಾಳಿಂಗರಾಯ. ಆಗ ಸುಭಾಷ ಒಂದು ಹೆಜ್ಜೆ ಹಿಂದೆ ಸರಿದು ಒದ್ದ. ಚೆಂಡು ಅವರೆಲ್ಲರ ತಲೆಯ ಮೇಲೆ ಹಾರಿತು. ಆ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ. ಚೆಂಡು ಬಿತ್ತು, ಪುಟಿಯಿತು, ಯಾರ ಅವಸರವೂ ಇಲ್ಲದೆ ಉರುಳುತ್ತ ಹೋಗಿ ಖಾಲಿ ಗೋಲಿನೊಳಗೆ ಕೂತಿತು.

ಕಾಶಪ್ಪ ತಿರುಗಿ ಬರುವಷ್ಟರಲ್ಲಿ ಊರಿನವರು ಅವನನ್ನೇ ಎತ್ತಿಕೊಂಡರು. ಅರುಣ ಏದುಸಿರು ಬಿಡುತ್ತ ಅಂದ: "ಕಾಕಾ, ಏನು ತಲಿರೀ ನಿಮ್ಮದು! ಸಣ್ಣ ಪಾಸು ತೋರಿಸಿ ಅವರನ್ನೆಲ್ಲಾ ಹತ್ರ ಕರಕೊಂಡು, ಕಡೀಕ ಮ್ಯಾಲಿಂದ ಹೊಡಿಸಿದ್ರಿ!" ಕಾಶಪ್ಪ ಗೋಲನ್ನು ನೋಡಿರಲಿಲ್ಲ. ಆದರೂ ಬಹಳ ದಿನದಿಂದ ಹೂಡಿದ ಉಪಾಯದಂತೆ ಗಂಭೀರವಾಗಿ ತಲೆ ಆಡಿಸಿದ.

ನಂದಾ ಮಾತ್ರ ಅವನ ಕಡೆ ನೋಡಲೂ ಇಲ್ಲ. ಭಂಡಾರದ ಮೋರೆಯ ಸುಭಾಷನ ಮುಂದೆ ಹೋಗಿ ನಿಂತಳು.

"ಎಲ್ಲಾರೂ ಓಡಿ ಹೋದ್ರು. ನೀ ಯಾಕ ಹೋಗಲಿಲ್ಲಪಾ?"

ಸುಭಾಷ ಅಕ್ಕನ ಮುಖ ನೋಡಿದ. ಆಮೇಲೆ ಶೀತಲ್‌ಳ ಮುಖ ನೋಡಿದ.

"ನಾ ಆಫ್ ಮಾಡಿ ಬಂದಿದ್ದೆ." ಸ್ವಲ್ಪ ತಡೆದು ಕಾಶಪ್ಪನಿಗೆ ಹೇಳಿದ, "ನಾಕೂ ಮಗ್ಗ ಆಫ್ ಮಾಡೇನಿ ಮಾಮಾ. ನೀವು ಮರತಿದ್ರಿ."

ಆ ಹುಡುಗನ ಕಾಲು ಕಟ್ಟಿದ್ದು ಕಾಶಪ್ಪನಿಗೆ ನೆನಪಾಯಿತು. ಭುಜದ ಮೇಲಿನ ಟವೆಲ್ ತೆಗೆದು ಅವನ ಮೋರೆ ಒರೆಸಿದ. ನಂದಾ ಹುಡುಗಿಯ ತಂದೆಗೆ, "ನಡೀರಿ, ಇವರ ಮನಿಗೆ ಹೋಗೂಣು" ಅಂದಳು.

ಮನೆಯಲ್ಲಿ ಚಹಾ, ಚೂಡಾ ಬಂದವು. ಶೀತಲ್ ಶೇವಂತಿಯ ಜೊತೆ ಅಡುಗೆಮನೆಯಲ್ಲಿ ನಿಂತಿದ್ದಳು. ಗಂಡಿನ ಕಡೆಯ ಹಿರಿಯನಾಗಿ ಕಾಶಪ್ಪ ಮಾತು ತೆಗೆದ. ಇಂಥ ಮಾತನ್ನು ಒಮ್ಮೆಲೇ ಆಡಬಾರದೆಂದು ಬಲ್ಲವನು. ನೂಲಿನ ದರದಿಂದ ಶುರು ಮಾಡಿದ. ಹುಡುಗಿಯ ತಂದೆ ಮುಧೋಳದ ಮಳೆಯ ಮಾತು ಎತ್ತಿದ. ಕಾಶಪ್ಪ ಮಳೆಯಿಂದ ಲೋಕಾಪುರದ ರಸ್ತೆಗೆ ಹೋದ. ಹುಡುಗಿಯ ತಂದೆ ರಸ್ತೆಯಿಂದ ಬಸ್ಸಿಗೆ ಬಂದ. ಕಾಶಪ್ಪ ಬಸ್ಸಿನಿಂದ ತಿರುಗಿ ನೂಲಿನ ದರಕ್ಕೆ ಬಂದ. ಚಹಾ ಆರಿತು. ನಂದಾ ಆಕಳಿಸಿದಳು. ಎರಡನೆಯ ಚಹಾ ಬಂತು. ಕಾಶಪ್ಪ ಅದನ್ನು ಕೈಗೆ ತೆಗೆದುಕೊಂಡು ಈ ಸಲ ಕಬ್ಬಿನ ಕಡೆ ತಿರುಗಿದ.

ಮೂಲೆಯಲ್ಲಿ ಕೂತಿದ್ದ ಸುಭಾಷ ಎದ್ದು ನಿಂತ. ಎಲ್ಲ ಹಿರಿಯರ ತಲೆಯ ಮೇಲಿಂದ ಅಡುಗೆಮನೆಯ ಬಾಗಿಲಿಗೆ ಒಂದೇ ಮಾತು ಹಾಕಿದ.

"ಶೀತಲ್, ನನಗ ನೀವು ಪಸಂದ ಅದೀರಿ. ನಿಮಗ?"

ಒಳಗಿಂದ ಸ್ಪಷ್ಟವಾದ ದನಿ ಬಂತು.

"ನನಗೂ ಪಸಂದ. ಮಾತಾಡೋ ಗಂಡ ಬ್ಯಾಡಾಗಿತ್ತು. ಮನ್ಯಾಗ ಮಾತಾಡಾಕ ನಾ ಇದ್ದೇನಿ."

ಶೇವಂತಿ ಕುಣಿದುಕೊಂಡು ಸಕ್ಕರೆ ಡಬ್ಬಿ ಎತ್ತಿಕೊಂಡು ಬಂದಳು. ನಂದಾ ನಗುತ್ತ ಬಾಯಿ ತೆರೆದಳು. ಹುಡುಗಿಯ ತಂದೆ ಕಾಶಪ್ಪನ ಕೈ ಹಿಡಿದು ಕುಲುಕತೊಡಗಿದ. ಕಾಶಪ್ಪ ಮಾತ್ರ ಭಾವಮೈದುನನನ್ನೇ ದಿಟ್ಟಿಸುತ್ತ, ಚಹಾ ಚೆಲ್ಲಿಕೊಂಡು ಕೂಗಿದ:

"ಲೇ ಸುಭ್ಯಾ! ನಾ ಇನ್ನೂ ನಮ್ಮ ಅರ್ಧ ಮೈದಾನಾನ ದಾಟಿರಲಿಲ್ಲಲ್ಲೋ!"